ಹಳೆಯ ವಿದ್ಯಾರ್ಥಿಗಳ ದಾಸೋಹ



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ತರುಣರಿಗೆ ಮೈಸೂರು ಬಹುಕಾಲದ ವಿದ್ಯಾಕ್ಷೇತ್ರ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ಅದೇ ವರ್ಷ ಜನಿಸಿದ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಮುಂದೆ ಮೈಸೂರಿನಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯವನ್ನು ನಡೆಸಿದರು. 1963ರಲ್ಲಿ ಅವರ ವಿದ್ಯಾಪೀಠದಿಂದ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು.

ಹೀಗೆ ಓದಿ ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದವರು ಹಳೆಯ ವಿದ್ಯಾರ್ಥಿಗಳ ಬಳಗ ಕಟ್ಟಿಕೊಂಡು ಸಂಸಾರಸಮೇತ ಕೂಡುವರು. ಗುರುಗಳನ್ನು ನೆನೆಯುವರು, ಮಕ್ಕಳಿಂದ ವಚನ ಹಾಡಿಸುವರು, ಪಂಕ್ತಿಯಲ್ಲಿ ಕುಳಿತು ಉಣ್ಣುವರು. ಸಂತೋಷದ ಸಂಗತಿಯೇ. ಆದರೆ ಸಹಭೋಜನವೆಲ್ಲವೂ ದಾಸೋಹವಾಗದು. ದಾನದಲ್ಲಿ ‘ನಾನು ಕೊಟ್ಟೆ’ ಎಂಬುದು ಉಳಿಯುವುದು. ದಾಸೋಹದಲ್ಲಿ ಅದು ಅಳಿಯುವುದು.

ಸಾಲ ಮಾಡಿ ಬಂದಿಳಿದ ಹಳ್ಳಿಯ ಹುಡುಗನಿಗೆ ಕುಲ ಕೇಳದೆ ಅನ್ನ, ಹಾಸಿಗೆ ದೊರೆತವೇ? ಊರಿನಲ್ಲಿ ದೂರವಾಣಿಯ ಕರೆಯನ್ನೇ ಕಾಯುತ್ತಿರುವ ವೃದ್ಧ ತಂದೆತಾಯಿಗಳ ಬಾಗಿಲನ್ನು ಇಲ್ಲಿ ಉಳಿದ ಸಹಪಾಠಿಯೊಬ್ಬನಾದರೂ ತಟ್ಟಿದನೇ? ಬಳಗದ ಪರೀಕ್ಷೆ ಇದು.

ಪ್ರಸಾದದ ಋಣವು ಬಡಿಸಿದ ಕೈಗೆ ಮರಳಿಸಿದರೆ ತೀರದು. ಮುಂದಿನ ಎಲೆಗೆ ಬಡಿಸಿಯೇ ತೀರಬೇಕು. ಮಕ್ಕಳನ್ನು ಪರದೇಶಕ್ಕೆ ಕಳುಹುವ ಮನೆಯವರು ಬುತ್ತಿಯೊಡನೆ ಈ ಮಾತನ್ನೂ ಕಟ್ಟಿಕೊಡಲಿ.