ಟೊಳ್ಳು ಮರಕ್ಕೂ ಬೆಲೆಯುಂಟು

ಮಲೆನಾಡಿನ ರೈತರಿಗೆ ಮಳೆಗಾಲದ ಗಾಳಿ ಹೊಸದಲ್ಲ. ಒಂದೇ ರಾತ್ರಿಯ ಗಾಳಿಗೆ ಸೊಪ್ಪಿನಬೆಟ್ಟದ ಹೆಮ್ಮರವೊಂದು ಬುಡಮೇಲಾಗುತ್ತದೆ. ಇನ್ನೊಂದರ ದೊಡ್ಡ ಕೊಂಬೆ ಸಿಗಿದು ಬೀಳುತ್ತದೆ. ಬೆಳಗ್ಗೆ ನೋಡಿದವರು ಕಾಡು ಹಾಳಾಯಿತೆಂದು ಮರುಗುತ್ತಾರೆ. ಆಮೇಲೆ ಕೊಡಲಿ ಹಿಡಿದು ಬಿದ್ದ ಮರವನ್ನೂ, ಅದರ ಪಕ್ಕದಲ್ಲಿ ನಿಂತಿರುವ ಟೊಳ್ಳು ಮರವನ್ನೂ ಸೌದೆ ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಗಾಳಿ ಮಾಡಿದ ನಷ್ಟಕ್ಕಿಂತ ಅನಂತರ ನಾವು ಮಾಡುವ ಈ ಕೆಲಸವೇ ಕಾಡಿಗೆ ಹೆಚ್ಚು ಹಾನಿಕರ. ಮಂಗಟ್ಟೆ ಹಕ್ಕಿಯ ಬಾಳನ್ನು ನೋಡಿದರೆ ಈ ಮಾತು ಅರ್ಥವಾಗುತ್ತದೆ.

ಪಶ್ಚಿಮ ಘಟ್ಟದ ಕಾಡುಗಳಲ್ಲಿ ದೊಡ್ಡ ಮಂಗಟ್ಟೆಯೂ, ಈ ಘಟ್ಟಗಳನ್ನು ಬಿಟ್ಟು ಬೇರೆಲ್ಲೂ ಇರದ ಮಲಬಾರ್ ಬೂದು ಮಂಗಟ್ಟೆಯೂ ಇವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಮೊದಲನೆಯದನ್ನು 2018ರಲ್ಲಿಯೂ, ಎರಡನೆಯದನ್ನು 2020ರಲ್ಲಿಯೂ ಅಳಿವಿನ ಭೀತಿಯಲ್ಲಿರುವ ಹಕ್ಕಿಗಳ ಪಟ್ಟಿಗೆ ಸೇರಿಸಿತು. ಈ ಹಕ್ಕಿಗಳಿಗಾಗಿ ನಮ್ಮ ರಾಜ್ಯವು 2011ರಲ್ಲಿ ದಾಂಡೇಲಿಯಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಿತು. ಆದರೆ ಹಕ್ಕಿಗೆ ಮೀಸಲು ಪ್ರದೇಶದ ಗಡಿ ಗೊತ್ತಿಲ್ಲ. ನಮ್ಮ ಬೆಟ್ಟಗಳಿಗೂ ಕಾಫಿ ತೋಟಗಳಿಗೂ ಅದು ಬಂದೇ ಬರುತ್ತದೆ.

ಮಂಗಟ್ಟೆಯ ಕೊಕ್ಕು ಎಷ್ಟೇ ದೊಡ್ಡದಾದರೂ ಮರಕುಟಿಗದಂತೆ ಮರ ಕೊರೆಯಲು ಅದಕ್ಕೆ ಬಾರದು. ಸಿದ್ಧವಾದ ಪೊಟರೆಯೇ ಬೇಕು. ಅಂಥ ಪೊಟರೆಯನ್ನು ಸಿದ್ಧಮಾಡುವುದು ಗಾಳಿ. ಕೊಂಬೆ ಮುರಿದ ಗಾಯದೊಳಗೆ ಮಳೆನೀರು ಇಳಿಯುತ್ತದೆ, ಶಿಲೀಂಧ್ರ ಬೆಳೆಯುತ್ತದೆ, ಮರದ ಒಳತಿರುಳು ನಿಧಾನವಾಗಿ ಕೊಳೆಯುತ್ತದೆ. ದೊಡ್ಡ ಹಕ್ಕಿ ಹಿಡಿಸುವಷ್ಟು ಪೊಟರೆಯಾಗಲು ಮರವೂ ದಪ್ಪವಾಗಿರಬೇಕು, ಹಲವು ವರ್ಷಗಳೂ ಕಳೆಯಬೇಕು. ಹೆಣ್ಣು ಹಕ್ಕಿ ಒಳಗೆ ಕುಳಿತು ಬಾಯಿಯನ್ನು ಮುಚ್ಚಿಕೊಂಡು ಸಣ್ಣ ಸೀಳನ್ನಷ್ಟೇ ಬಿಡುತ್ತದೆ. ಗಂಡು ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ. ಆ ದಿನಗಳಲ್ಲಿ ಹೆಣ್ಣಿನ ರೆಕ್ಕೆಯ ಗರಿಗಳೂ ಉದುರಿರುವುದರಿಂದ ಅದು ಹಾರಲಾರದು. ಆಗ ಮರ ಕಡಿದರೆ ತಾಯಿ, ಮರಿ ಎರಡೂ ಹೋದಂತೆಯೇ. ಒಳ್ಳೆಯ ಪೊಟರೆಗೆ ಅದೇ ಜೋಡಿ ವರ್ಷ ವರ್ಷವೂ ಮರಳುತ್ತದೆ. ಆದ್ದರಿಂದ ಒಂದು ಟೊಳ್ಳು ಮರ ಹೋದರೆ ಮುಂದಿನ ಎಷ್ಟೋ ಸಂತಾನ ಹೋದಂತೆ.

ಬಿದ್ದ ಮರವೂ ವ್ಯರ್ಥವಲ್ಲ. ಅದು ತೆರೆದ ಜಾಗಕ್ಕೆ ಬಿಸಿಲು ಇಳಿದು, ನೆರಳಿನಲ್ಲಿ ಕುಗ್ಗಿ ನಿಂತ ಸಸಿಗಳು ಮೇಲೇಳುತ್ತವೆ. ಅವುಗಳಲ್ಲಿ ಎಷ್ಟೋ ಸಸಿಗಳ ಬೀಜವನ್ನು ತಂದು ಹಾಕಿದ್ದು ಮಂಗಟ್ಟೆಯೇ. ಆಲ, ಅತ್ತಿ, ಧೂಪ, ರಾಮಪತ್ರೆ ಜಾತಿಯ ಮರಗಳ ಹಣ್ಣು ತಿಂದು ದೂರದೂರಕ್ಕೆ ಬೀಜ ಬಿತ್ತುವ ಈ ಹಕ್ಕಿಗೆ ನಾವು ಕೂಲಿ ಕೊಡುವುದಿಲ್ಲ. ಧೂಪದಂಥ ದೊಡ್ಡ ಬೀಜವನ್ನು ನುಂಗಿ ಒಯ್ಯಬಲ್ಲ ಹಕ್ಕಿಗಳೋ ಕೆಲವೇ.

ಹಾಗಾದರೆ ಕಾಡಿಗೆ ಬೆಂಕಿ ಬಿದ್ದರೂ ಒಳ್ಳೆಯದೇ ಎಂದು ಕೇಳುವವರಿದ್ದಾರೆ. ಕೆಲವು ಕಾಡುಗಳಲ್ಲಿ ಅದು ನಿಜವೂ ಹೌದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕರ್ಟ್‌ಲ್ಯಾಂಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಯು ಎಳೆಯ ಜ್ಯಾಕ್ ಪೈನ್ ಮರಗಳ ಕೆಳಗಷ್ಟೇ ಗೂಡು ಕಟ್ಟುತ್ತದೆ. ಆ ಪೈನಿನ ಕಾಯಿ ಬೆಂಕಿಯ ಕಾವಿಗೆ ಬಿರಿದು ಬೀಜ ಬೀಳಬೇಕು. ಅಲ್ಲಿ ಬೆಂಕಿಯನ್ನು ಪೂರ್ತಿ ತಡೆದದ್ದರಿಂದ ಎಳೆಯ ಕಾಡು ಕಡಿಮೆಯಾಯಿತು. ಹಕ್ಕಿಯ ಇಳಿಕೆಗೆ ಅದೂ ಒಂದು ಕಾರಣವಾಯಿತು. ಹೊಸದಾಗಿ ಪೈನ್ ನೆಟ್ಟು, ಇತರ ಕ್ರಮಗಳನ್ನೂ ಕೈಗೊಂಡ ಮೇಲೆ ಸಂಖ್ಯೆ ಏರಿ, 2019ರಲ್ಲಿ ಅದನ್ನು ಆ ದೇಶದ ಅಪಾಯದ ಪಟ್ಟಿಯಿಂದ ತೆಗೆಯಲಾಯಿತು. ಆದರೆ ನಮ್ಮ ನಿತ್ಯಹರಿದ್ವರ್ಣದ ಮರಗಳಿಗೆ ಬೆಂಕಿಯ ರೂಢಿಯಿಲ್ಲ. ಇಲ್ಲಿನ ಕಾಡ್ಗಿಚ್ಚು ಬಹುಮಟ್ಟಿಗೆ ಮನುಷ್ಯನೇ ಹಚ್ಚಿದ್ದು. ಮಂಗಟ್ಟೆ ಗೂಡಿನಲ್ಲಿರುವ ಬೇಸಿಗೆಯಲ್ಲಿಯೇ ಅದು ಬಂದು ಸಸಿಗಳನ್ನು ಸುಡುತ್ತದೆ, ಟೊಳ್ಳು ಮರವನ್ನು ಬುಡದಿಂದ ಉರಿಸಿ ಕೆಡವುತ್ತದೆ. ಒಂದೊಂದು ಕಾಡಿಗೆ ಒಂದೊಂದು ಬಗೆಯ ಆಘಾತ ಒಗ್ಗಿರುತ್ತದೆ. ನಮ್ಮ ಕಾಡಿಗೆ ಒಗ್ಗಿರುವುದು ಗಾಳಿ ಮಳೆ.

ಮನೆಯ ಮೇಲೆ ವಾಲಿದ ಮರವನ್ನೂ ಬಿಡಿರೆಂದು ನಾನು ಹೇಳುವುದಿಲ್ಲ. ಸೌದೆಯ ಕಷ್ಟವೂ ಸುಳ್ಳಲ್ಲ. ಆದರೂ ಪ್ರತಿಯೊಬ್ಬ ರೈತರೂ ಇಷ್ಟು ಮಾಡಬಹುದು: ಬೆಟ್ಟದಲ್ಲಿ ಪೊಟರೆಯಿರುವ ದಪ್ಪ ಮರಗಳನ್ನು ಗುರುತಿಸಿ ಉಳಿಸುವುದು, ಬೇಸಿಗೆಯಲ್ಲಿ ಅಂಥ ಮರದ ಹತ್ತಿರ ಸೊಪ್ಪು ಕಡಿಯದಿರುವುದು, ದರಗಿಗೆ ಬೆಂಕಿ ಹಚ್ಚದಿರುವುದು, ಬಿದ್ದ ದಿಮ್ಮಿಗಳಲ್ಲಿ ಒಂದೆರಡನ್ನಾದರೂ ಅಲ್ಲಿಯೇ ಕೊಳೆಯಲು ಬಿಡುವುದು. ಕಾಫಿ ಬೆಳೆಗಾರರು ನೆರಳಿಗೆ ಸಿಲ್ವರ್ ಓಕ್ ಒಂದನ್ನೇ ನೆಚ್ಚದೆ ಅತ್ತಿ, ಬಸರಿಗಳನ್ನೂ ಉಳಿಸಿಕೊಳ್ಳಬೇಕು. ಗೋಬರ್ ಗ್ಯಾಸ್, ಅಸ್ತ್ರ ಒಲೆಗಳಿಂದ ಸೌದೆಯ ಖರ್ಚು ತಗ್ಗಿಸಬಹುದು.

ಟೊಳ್ಳು ಮರದಿಂದ ಸಿಗುವ ಸೌದೆ ಕೆಲವು ದಿನದ ಒಲೆಗಷ್ಟೇ ಸಾಕು. ಅಂಥ ಮರ ಮತ್ತೆ ಬೇಕೆಂದರೆ ನಮ್ಮ ಮೊಮ್ಮಕ್ಕಳ ಕಾಲದವರೆಗೆ ಕಾಯಬೇಕು. ಮುಂದಿನ ಸಲ ಕೊಡಲಿ ಎತ್ತುವ ಮೊದಲು ತಲೆಯೆತ್ತಿ ಮರವನ್ನೊಮ್ಮೆ ನೋಡಿರಿ. ಪೊಟರೆಯ ಬಾಯಿ ಮೆತ್ತಿದ್ದರೆ ಒಳಗೊಂದು ಸಂಸಾರವಿದೆ ಎಂದು ತಿಳಿಯಿರಿ.