ದಾಸೋಹದ ನೀರೂ ಪರೀಕ್ಷೆಯಾಗಲಿ

ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ನಾಚಿಕೆಯ ಸ್ವಭಾವವೆಂದುಕೊಂಡಿದ್ದೆ. ಒಂದು ದಿನ ಆರೋಗ್ಯದ ಪಾಠ ಮಾಡುತ್ತ, ದಿನಕ್ಕೆ ಎರಡು ಸಲ ಉಜ್ಜಿದರೆ ಹಲ್ಲು ಬೆಳ್ಳಗಿರುತ್ತದೆ ಎಂದೆ. ಆಕೆ ಎದ್ದು ನಿಂತು, "ನಾನು ಮೂರು ಸಲ ಉಜ್ತೀನಿ ಸಾರ್" ಎಂದಳು. ಹಲ್ಲಿನ ಮೇಲೆ ಕಂದು ಗೆರೆಗಳು ಎದ್ದು ಕಾಣುತ್ತಿದ್ದವು. ಅವಳ ಹಿಂದಿನ ಬೆಂಚಿನಲ್ಲಿದ್ದ ಹುಡುಗನ ಹಲ್ಲಿನಲ್ಲೂ ಅದೇ ಗೆರೆ. ಆ ಮಕ್ಕಳನ್ನು ಅದಕ್ಕೂ ಮೊದಲು ಎಷ್ಟು ಸಲ ಹಲ್ಲುಜ್ಜಿಲ್ಲವೆಂದು ಗದರಿದ್ದೆನೋ, ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

ಅದು ಕೊಳೆಯಲ್ಲ, ಫ್ಲೋರೈಡ್. ನಮ್ಮ ಜಿಲ್ಲೆಯ ಕಲ್ಲು ನೆಲದಲ್ಲಿ ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಬಂಡೆಯ ನಡುವೆ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ; ಬಂಡೆಯಲ್ಲಿರುವ ಫ್ಲೋರೈಡನ್ನೂ ಕರಗಿಸಿಕೊಂಡು ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದ ಮಗುವಿನ ಹಲ್ಲಿಗೆ ಬಿದ್ದ ಕಲೆ ಜೀವನಪೂರ್ತಿ ಉಳಿಯುತ್ತದೆ. ಇನ್ನೂ ಹೆಚ್ಚಿದ್ದು, ಹತ್ತಿಪ್ಪತ್ತು ವರ್ಷ ಕುಡಿದರೆ ಮೂಳೆಗೆ ಇಳಿಯುತ್ತದೆ. ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ಪರೀಕ್ಷೆಗೆ ಹಾಕದೆ ಗೊತ್ತಾಗುವ ದಾರಿಯೇ ಇಲ್ಲ.

ನಾನೂ ಒಂದು ಬಾಟಲಿ ತುಂಬಿಕೊಂಡು ಪರೀಕ್ಷೆಗೆಂದು ಬೇರೆ ಊರಿಗೆ ಹೋಗಿದ್ದೆ. ಎರಡು ತಿಂಗಳ ಮೇಲೆ ವರದಿ ಬಂತು. ಅದರಲ್ಲಿ ನಮ್ಮೂರಿನ ಹೆಸರಿರಲಿಲ್ಲ, ಯಾವುದೋ ಬೇರೆ ಊರಿನದಿತ್ತು. ಅಂಕಿ ನಮ್ಮದೋ ಆ ಊರಿನದೋ ಹೇಳುವವರಿರಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ, ಮೇಜಿನ ತುಂಬ ಬಾಟಲಿಗಳಿದ್ದವು, ಮನುಷ್ಯ ಒಬ್ಬನೇ ಇದ್ದ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆ ಪ್ರಯೋಗಾಲಯಗಳಿಲ್ಲದ ಜಿಲ್ಲೆಯೇನೂ ಅಲ್ಲ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತ, ದನ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನಕ್ಕೆ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ. ಅಲ್ಲದೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ. ಕಾವಲಿಗಾಗಿ ಅಲ್ಲಿನ ಜನ ಹಸಿರು ನ್ಯಾಯಮಂಡಳಿಯವರೆಗೂ ಹೋದರು. ದೇಶಕ್ಕೆ ಪೈಲಟ್ ಇಲ್ಲದ ವಿಮಾನ ಬೇಕು, ಅಣುಶಕ್ತಿ ಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ನೆಲ ಕೊಟ್ಟ ಜಿಲ್ಲೆಯ ಮೈಯಲ್ಲಿರುವ ರೋಗದ ಮೇಲೆ ಕೆಲಸ ಮಾಡುವ ಒಂದು ಕಟ್ಟಡವಾದರೂ ಆ ಸಾಲಿನಲ್ಲಿ ಬೇಡವೆ? ಅದೇ ವಿಜ್ಞಾನ ಸಂಸ್ಥೆ 2022ರಲ್ಲಿ 425 ಕೋಟಿ ರೂಪಾಯಿಯ ದಾನ ಪಡೆದು ಬೆಂಗಳೂರಿನ ತನ್ನ ಆವರಣದಲ್ಲಿ ಆಸ್ಪತ್ರೆ ಮತ್ತು ವೈದ್ಯಕೀಯ ಶಾಲೆ ಕಟ್ಟಲು ಹೊರಟಿತು. ಸಂತೋಷ. ಆ ವೈದ್ಯಕೀಯ ಸಂಶೋಧನೆಯ ಒಂದು ಕೈ ಕುದಾಪುರಕ್ಕೂ ಚಾಚಲಿ ಎಂದು ಕೇಳುವ ಹಕ್ಕು ನಮಗಿದೆ.

ಊರ ಹತ್ತಿರ ಪ್ರಯೋಗಾಲಯ ಇದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ, ಪಕ್ಕದ ಶಿವಮೊಗ್ಗ ಜಿಲ್ಲೆಯಿದೆ. 1957ರಲ್ಲಿ ಸೊರಬದ ಕಡೆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಕಾಡಿಗೆ ಹೋದವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ರಕ್ತ ತೆಗೆದುಕೊಂಡು ಹಿಂತಿರುಗಿ ಹೋಗಿಬಿಡಲಿಲ್ಲ. ಸಾಗರದಲ್ಲಿ ಠಾಣೆ ಹೂಡಿ ವರ್ಷಗಟ್ಟಲೆ ಉಣ್ಣೆ ಹಿಡಿದರು, ಇಲಿ, ಹಕ್ಕಿ, ಮಂಗ ಎಲ್ಲವನ್ನೂ ನೋಡಿದರು. ಉಣ್ಣೆಯಿಂದ ಹರಡುವ ಹೊಸ ವೈರಸ್ ಎಂದು ಗೊತ್ತಾದದ್ದು ಹಾಗೆ. ಶಿವಮೊಗ್ಗದಲ್ಲಿ ಅದಕ್ಕೆಂದೇ ಪ್ರಯೋಗಾಲಯ ಬಂತು. ಕಾಯಿಲೆ ಇನ್ನೂ ಹೋಗಿಲ್ಲ, ನಿಜ. ಆದರೆ ಯಾವ ಊರಿನಲ್ಲಿ ಮಂಗ ಸತ್ತರೂ ಯಾರನ್ನು ಕೇಳಬೇಕೆಂದು ಮಲೆನಾಡಿನವರಿಗೆ ಗೊತ್ತು. ಬೆಳಗಾವಿಯಲ್ಲೂ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ಕೇಂದ್ರವೊಂದು ಆಗಿ, ಈಗ ಅದು ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಸ್ಥೆಯಾಗಿದೆ. ಬಯಲುಸೀಮೆಯ ನಾವು ಯಾರನ್ನು ಕೇಳಬೇಕು?

2023ರಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ನಡೆದದ್ದನ್ನು ಯಾರೂ ಮರೆತಿರಲಾರರು. ನಲ್ಲಿಯ ನೀರು ಕುಡಿದು ದಲಿತ ಕೇರಿಯ ಜನ ಸಾಲುಸಾಲಾಗಿ ಆಸ್ಪತ್ರೆ ಸೇರಿದರು, ಕೆಲವರು ತೀರಿಹೋದರು. ನೀರಿಗೆ ಏನು ಸೇರಿತ್ತು ಎಂಬ ಬಗ್ಗೆ ಆ ದಿನಗಳಲ್ಲಿ ಊರಲ್ಲೆಲ್ಲ ಹತ್ತು ಮಾತು. ವರದಿಗೆ ಕಾಯುವಾಗ ವದಂತಿ ಓಡುತ್ತದೆ, ಜಾತಿಯ ಹಳೆಯ ಗಾಯಗಳೂ ಎದ್ದು ಕೂರುತ್ತವೆ. ಮೊದಲು ನರಳುವ ಕೇರಿ ಯಾವುದು ಎಂಬುದನ್ನು ಬಸವತತ್ತ್ವ ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

"ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆಯಲ್ಲ, ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತದೆ" ಎಂದು ಗೆಳೆಯರೊಬ್ಬರು ನನ್ನ ಮಾತಿಗೆ ಅಡ್ಡ ಹಾಕಿದರು. ಬಂದಿದೆ. ಒಳಗಿನ ಪೊರೆ ಹಳತಾದ ಘಟಕದಿಂದ ಏನು ಬರುತ್ತಿದೆ ಎಂದು ತಿಂಗಳಿಗೊಮ್ಮೆ ಅಳೆಯುವವರು ಯಾರು? ಜಲಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ಒಳ್ಳೆಯ ಯೋಜನೆ. ಕಿಟ್ ಎಚ್ಚರಿಕೆ ಕೊಡುತ್ತದೆ, ಖಚಿತಪಡಿಸಲು ಪ್ರಯೋಗಾಲಯವೇ ಬೇಕು. 2021ರಲ್ಲಿ ಕೇಂದ್ರ ಸರ್ಕಾರ ಪ್ರತಿ ಜಿಲ್ಲೆಗೂ ಸಮಗ್ರ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಕೊಡುವುದಾಗಿ ಘೋಷಿಸಿದೆ. ಚಿತ್ರದುರ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಆರಂಭವಾಗಿದೆ. ಕೇಳುವವರು ಗಟ್ಟಿಯಾಗಿ ಕೇಳಿದರೆ ದಾರಿ ಇದೆ ಎಂದು ಇದರಿಂದ ತಿಳಿಯುತ್ತೇನೆ.

ಪರೀಕ್ಷೆ ಬೇರೆ, ಸಂಶೋಧನೆ ಬೇರೆ. ನಮಗೆ ಎರಡೂ ಬೇಕು. ಒಂದು ಉದಾಹರಣೆ ಕೊಡುತ್ತೇನೆ. ಹಿರಿಯೂರಿನ ಮಾರಿಕಣಿವೆ 1933ರ ನಂತರ ಮೊದಲ ಸಲ ತುಂಬಿ ಕೋಡಿ ಬಿದ್ದದ್ದು 2022ರಲ್ಲಿ. ನಾವೆಲ್ಲ ಬಾಗಿನ ಅರ್ಪಿಸಿ, ಫೋಟೋ ತೆಗೆದುಕೊಂಡು ಬಂದೆವು. ಅಷ್ಟು ನೀರು ನಿಂತ ಮೇಲೆ ಸುತ್ತಲಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇಳಿಯಿತೆ? ಇಳಿದಿದ್ದರೆ ಎಷ್ಟು ದೂರದವರೆಗೆ? ಮಕ್ಕಳ ಮೂತ್ರದಲ್ಲಿ ಅದರ ಪ್ರಮಾಣ ಕಡಿಮೆಯಾಯಿತೆ? ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನಾಳೆ ಹೊಸದುರ್ಗ, ಹೊಳಲ್ಕೆರೆಯ ಕೆರೆಗಳೂ ತುಂಬಿದಾಗ ಇದೇ ಪ್ರಶ್ನೆ ಬರುತ್ತದೆ. ಇದಕ್ಕೆ ಉತ್ತರ ಬೇಕಾದರೆ ತುಂಬುವ ಮೊದಲಿನ ಲೆಕ್ಕ ಇರಬೇಕು, ಅದೇ ಬಾವಿಯ ನೀರನ್ನು ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಹತ್ತು ವರ್ಷ ಬಿಡದೆ ನೋಡಬೇಕು. ಬೆಂಗಳೂರಿನಿಂದ ಕಾರಿನಲ್ಲಿ ಬಂದು ಹೋಗುವವರಿಂದ ಅದು ಆಗುವ ಕೆಲಸವಲ್ಲ. ಇಲ್ಲೇ ಮನೆ ಮಾಡಿಕೊಂಡಿರುವವರು ಬೇಕು. ಭೀಮಸಮುದ್ರದ ಕಡೆ ಗಣಿ ಲಾರಿಗಳ ಕೆಂಪು ದೂಳು ಕುಡಿಯುವ ಎದೆಗಳು, ಹಿರಿಯೂರಿನ ದಾಳಿಂಬೆ ತೋಟದಲ್ಲಿ ಔಷಧಿ ಹೊಡೆಯುವ ಕೂಲಿಯವರ ರಕ್ತ, ಇವೂ ಅವರ ಕೆಲಸದ ಪಟ್ಟಿಗೆ ಸೇರಬೇಕು. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಬೆಳೆಯ ರೋಗಕ್ಕೆ ವಿಜ್ಞಾನಿಗಳಿದ್ದಾರೆ. ಬೆಳೆಗೆ ಸಿಕ್ಕಿದ್ದು ಬೆಳೆಗಾರನಿಗೂ ಸಿಗಬೇಕೆಂದರೆ ದೊಡ್ಡ ಆಸೆಯೇನಲ್ಲ.

ಮಠದ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಒಂದು ಸಭೆಯಲ್ಲಿ ಹಿರಿಯರೊಬ್ಬರು ನನಗೆ ನೇರವಾಗಿಯೇ, "ಮೇಷ್ಟ್ರೇ, ಮಠ ಇರುವುದು ಲಿಂಗಪೂಜೆಗೆ, ಲ್ಯಾಬಿಗಲ್ಲ" ಎಂದರು. ಅವರ ಮೇಲೆ ನನಗೆ ಗೌರವವಿದೆ, ಆದರೆ ಒಪ್ಪಲಾರೆ. ಅನುಭವ ಮಂಟಪದಲ್ಲಿ ವೈದ್ಯ ಸಂಗಣ್ಣ ಕುಳಿತಿದ್ದ. ತನ್ನ ಕಾಯಕದ ಮಾತಿನಲ್ಲೇ ವಚನ ಹೇಳಿದ. ರೋಗಕ್ಕೆ ಹಣೆಬರಹವನ್ನೂ ಗ್ರಹಗತಿಯನ್ನೂ ದೂರುವುದನ್ನು ಶರಣರು ಬಿಡಿಸಿದರು. ನಾವು ಮತ್ತೆ ಅಲ್ಲಿಗೇ ಹೋಗುತ್ತಿದ್ದೇವೆ. ಗಂಟು ನೋವಿಗೆ ಹರಕೆ ಹೊರುವ, ಮಗಳ ಹಲ್ಲಿನ ಕಲೆಗೆ ಜಾತಕ ತೋರಿಸುವ ಲಿಂಗಾಯತರನ್ನು ನಾನೇ ಕಂಡಿದ್ದೇನೆ. ಪಾಪ, ಬೇರೆ ಉತ್ತರ ಕೊಡುವವರು ಅವರ ಬಳಿ ಬಂದೇ ಇಲ್ಲ.

ಹಿಂದಿನ ಪೂಜ್ಯರು ಕಾಲದ ಹಸಿವನ್ನು ಗುರುತಿಸಿದರು. ಚಿತ್ರದುರ್ಗದ ಜಯದೇವ ಜಗದ್ಗುರುಗಳು ಊರೂರಿನಲ್ಲಿ ವಿದ್ಯಾರ್ಥಿನಿಲಯ ತೆರೆಯದಿದ್ದರೆ ನಮ್ಮ ತಂದೆ, ತಾತಂದಿರಲ್ಲಿ ಎಷ್ಟು ಜನ ಅಕ್ಷರ ಕಲಿಯುತ್ತಿದ್ದರು? ಸಿರಿಗೆರೆ ಹಳ್ಳಿಹಳ್ಳಿಗೆ ಶಾಲೆ ಕೊಟ್ಟಿತು; ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ನಾಟಕದ ಮೂಲಕ ಜನರ ತಲೆಗೆ ಕೆಲಸ ಕೊಟ್ಟಿತು. ದುರ್ಗದ ಬಸವೇಶ್ವರ ವೈದ್ಯಕೀಯ ಕಾಲೇಜೂ ಮಠದ ವಿದ್ಯಾಪೀಠದ್ದೇ. ಕಾಲೇಜು, ಉಪನ್ಯಾಸಕರು, ಓದಿದ ಮಕ್ಕಳು ಎಲ್ಲ ನಮ್ಮಲ್ಲಿದ್ದಾರೆ. ಇಲ್ಲದಿರುವುದು ನಮ್ಮದೇ ಊರಿನ ಬಗ್ಗೆ ಪ್ರಶ್ನೆ ಕೇಳುವ ಕೋಣೆ. ಅದಕ್ಕೆ ಕೋಟಿಗಳೇ ಬೇಕೆಂದು ಹೆದರಬೇಕಾಗಿಲ್ಲ; ಫ್ಲೋರೈಡ್ ಅಳೆಯುವ ಉಪಕರಣ ಮೇಜಿನ ಮೇಲೆ ಕೂರುವಷ್ಟು ಚಿಕ್ಕದು. ಅಡ್ಡಪಲ್ಲಕ್ಕಿ, ಬೆಳ್ಳಿ ತುಲಾಭಾರ, ಫ್ಲೆಕ್ಸ್‌ಗೆ ಖರ್ಚಾಗುವುದರಲ್ಲಿ ಒಂದು ಪಾಲು ಸಾಕು. ಇದನ್ನು ಬರೆದದ್ದಕ್ಕೆ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ದೊಡ್ಡ ಕೇಂದ್ರ ಸರ್ಕಾರವೇ ಕಟ್ಟಬೇಕು, ಸಂಶಯವಿಲ್ಲ. ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ದಾಸೋಹವಲ್ಲ.

ನನ್ನ ಬೇಡಿಕೆ ಸದ್ಯಕ್ಕೆ ಚಿಕ್ಕದು. ಜಿಲ್ಲೆಯ ಪ್ರತಿ ಮಠವೂ ಮೊದಲು ತನ್ನ ದಾಸೋಹದ ಅಡುಗೆಗೆ ಬಳಸುವ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕೊಡಲಿ. ಆ ನೀರಿನಲ್ಲೇ ರಾಗಿಮುದ್ದೆ ಬೇಯುತ್ತದೆ, ಸಾರು ಕುದಿಯುತ್ತದೆ, ಹಾಸ್ಟೆಲಿನ ಮಕ್ಕಳು ದಿನಕ್ಕೆ ಮೂರು ಹೊತ್ತು ಅದನ್ನೇ ಉಣ್ಣುತ್ತಾರೆ. ನಮ್ಮ ಕಡೆಯ ಒಂದು ಚಿಕ್ಕ ಮಠದ ಸ್ವಾಮಿಗಳ ಮುಂದೆ ಈ ಮಾತಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಚ್ಚು ಬಂದರೆ ಏನು ಮಾಡೋದು ಮೇಷ್ಟ್ರೇ?" ಎಂದರು. ಹೆಚ್ಚು ಬಂದರೆ ಮಳೆನೀರಿನ ತೊಟ್ಟಿ ಕಟ್ಟೋಣ, ನಾನೂ ಮಣ್ಣು ಹೊರುತ್ತೇನೆ ಬುದ್ಧಿ ಎಂದೆ. ಬರುವ ಸೋಮವಾರ ಎರಡು ಬಾಟಲಿ ತುಂಬುತ್ತೇವೆ, ಒಂದು ಮಠದ್ದು, ಇನ್ನೊಂದು ಕೇರಿಯ ನಲ್ಲಿಯದು. ಈ ಸಲ ಊರಿನ ಹೆಸರನ್ನು ಬಾಟಲಿಯ ಮೇಲೆ ನಾನೇ ಬರೆಯುತ್ತೇನೆ. ವರದಿ ಏನೇ ಬಂದರೂ ದಾಸೋಹದ ಮನೆಯ ಬಾಗಿಲಿಗೆ ಅಂಟಿಸಲು ಸ್ವಾಮಿಗಳು ಒಪ್ಪಿದ್ದಾರೆ.