ಗಿಟಾರ್ ಹಿಡಿದವರು ಸಿನಿಮಾ ಮಾಡಿದರೆ ಅದು ಅಜ್ಜಂಪುರಕ್ಕೆ ಬರುತ್ತಾ?

2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಬಂತು. ಅದೇ ವರ್ಷ 'ಸೈಕೋ' ಸಿನಿಮಾಕ್ಕೆ ರಘು ಸಂಗೀತ ಕೊಟ್ಟರು. ಶರೀಫರ ಪದಗಳನ್ನು ಗಿಟಾರ್ ಮೇಲೆ ಕೇಳಿ ಹುಚ್ಚಾಗಿದ್ದ ನಮ್ಮಂಥ ಇಂಜಿನಿಯರಿಂಗ್ ಹುಡುಗರಿಗೆ ಅದು ಖುಷಿಯ ಸುದ್ದಿ. ಈಗ ನೋಡಿದರೆ ಅದರಲ್ಲಿ ಇನ್ನೊಂದು ಕಥೆಯೂ ಕಾಣುತ್ತೆ. ಗಾಂಧಿನಗರ ಬ್ಯಾಂಡ್‌ನವರಿಗೆ ಬಾಗಿಲು ತೆರೆಯುತ್ತೆ, ಆದರೆ ಹಾಡು ಮಾಡಿಕೊಡೋಕೆ ಮಾತ್ರ. ಕಥೆ ಹೇಳೋ ಕುರ್ಚಿ ಬೇರೆಯವರದ್ದು.

ಆ ಕುರ್ಚಿಯಲ್ಲಿ ಕೂತ ಸಂಗೀತಗಾರರು ಇಲ್ಲವೇ ಅಂದರೆ, ಇದ್ದಾರೆ. ವಿ. ಮನೋಹರ್ 'ಓ ಮಲ್ಲಿಗೆ' ಮಾಡಿದರು, ಸಾಧು ಕೋಕಿಲ 2003ರಲ್ಲಿ 'ರಕ್ತ ಕಣ್ಣೀರು', ಅರ್ಜುನ್ ಜನ್ಯ '45'. ಆದರೆ ಇವರೆಲ್ಲ ಮೊದಲು ಉದ್ಯಮದ ಒಳಗೆ ಹೆಸರು ಮಾಡಿ, ಆಮೇಲೆ ಆ್ಯಕ್ಷನ್ ಹೇಳಿದವರು. '45'ರಲ್ಲಂತೂ ಶಿವರಾಜ್‌ಕುಮಾರ್, ಉಪೇಂದ್ರ, ರಾಜ್ ಬಿ. ಶೆಟ್ಟಿ ಮೂವರೂ ಇದ್ದಾರೆ. ಇದನ್ನು ಸ್ವತಂತ್ರ ಸಿನಿಮಾ ಅನ್ನೋಕಾಗಲ್ಲ. ಹಿಂದಿಯಲ್ಲಿ ವಿಶಾಲ್ ಭಾರದ್ವಾಜ್ 2002ರಲ್ಲಿ 'ಮಕ್‌ಡೀ' ಮಾಡಿದಾಗ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿ ಅದನ್ನು ತಿರಸ್ಕರಿಸಿತ್ತು. ಅವರು ತಾವೇ ನಿರ್ಮಾಪಕರಾದರು. ರಾಕ್‌ನಲ್ಲಿ ನೀಲ್ ಯಂಗ್ 'ಬರ್ನಾರ್ಡ್ ಶೇಕಿ' ಅನ್ನೋ ಸುಳ್ಳು ಹೆಸರಲ್ಲಿ ಸಿನಿಮಾ ಮಾಡಿಕೊಂಡು ಬಂದಿದ್ದಾರೆ. ಹೆಸರು ಕೇಳಿದರೇ ನಗು ಬರುತ್ತೆ ಬಿಡಿ.

ಕನ್ನಡದಲ್ಲಿ ಯಾಕಿಲ್ಲ? ಪ್ರತಿಭೆ ಇಲ್ಲ ಅಂದರೆ ನಾನು ಒಪ್ಪಲ್ಲ. ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಹುಡುಗಿಯ ಹತ್ತಿರ ಸಿನಿಮಾದ ಅರ್ಧ ಕಾರ್ಖಾನೆ ಆಗಲೇ ಇದೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಡಾವಿಂಚಿ ರಿಸಾಲ್ವ್ ಹಾಕಿಕೊಂಡರೆ ಎಡಿಟಿಂಗೂ ಪುಕ್ಕಟೆ. ದುಡ್ಡಿನ ದಾರಿಯೂ ಪೂರ್ತಿ ಮುಚ್ಚಿಲ್ಲ: ನೂರಕ್ಕೂ ಹೆಚ್ಚು ಜನ ಸುಮಾರು 50 ಲಕ್ಷ ಹಾಕಿದ್ದಕ್ಕೇ 2013ರಲ್ಲಿ ಪವನ್ ಕುಮಾರ್ ಅವರ 'ಲೂಸಿಯಾ' ಆಯಿತು.

ಗಂಟು ಬೀಳೋದು ತೋರಿಸುವ ಜಾಗದಲ್ಲಿ. ಬೀರೂರು ಜಂಕ್ಷನ್ ದಾಟಿದ ಮೇಲೆ ಹಳಿ ಕವಲೊಡೆಯುತ್ತೆ, ಒಂದು ತರೀಕೆರೆಗೆ, ಇನ್ನೊಂದು ಅಜ್ಜಂಪುರಕ್ಕೆ. ಅಲ್ಲಿಯ ಹುಡುಗಿಯೊಬ್ಬಳು ತನ್ನ ಬ್ಯಾಂಡ್ ಕಟ್ಟಿಕೊಂಡು, ವೀರಗಾಸೆಯ ಸಂಬಾಳದ ಸದ್ದನ್ನೇ ಇಟ್ಟುಕೊಂಡು ಒಂದೂವರೆ ಗಂಟೆಯ ಸಿನಿಮಾ ಮಾಡಿದಳು ಅಂತ ಇಟ್ಟುಕೊಳ್ಳಿ. ಸೆನ್ಸಾರ್ ಖರ್ಚು ಅವಳದ್ದು. ಥಿಯೇಟರಿಗೆ ಡಿಜಿಟಲ್ ಪ್ರಿಂಟ್ ಕಳಿಸುವ ಕ್ಯೂಬ್, ಯುಎಫ್‌ಒ ಶುಲ್ಕವೂ ಅವಳದ್ದೇ. ಸಿಂಗಲ್ ಸ್ಕ್ರೀನ್‌ಗೆ ವಾರದ ಬಾಡಿಗೆ ಬೇರೆ. ಸರ್ಕಾರದ ಸಹಾಯಧನ ಇದೆಯಲ್ಲ ಅಂತೀರಾ? ಅದು ಸಿನಿಮಾ ಮುಗಿದು, ಸಮಿತಿ ನೋಡಿ ಒಪ್ಪಿದ ಮೇಲಿನ ಮಾತು. ಒಟಿಟಿ? ಸುಮಂತ್ ಭಟ್, ಸಂದೀಪ್ ಪಿ.ಎಸ್. ಅವರ 'ಏಕಂ' ಸರಣಿಯ ಹಿಂದೆ ರಕ್ಷಿತ್ ಶೆಟ್ಟಿ ಅವರ ಸಂಸ್ಥೆಯೇ ಇತ್ತು. ಆದರೂ ಕೊಳ್ಳುವವರು ಸಿಗದೆ 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್‌ನಲ್ಲಿ ಬಿಡಬೇಕಾಯಿತು. ಬುಸಾನ್‌ನಲ್ಲಿ 2022ರ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದ 'ಶಿವಮ್ಮ' ಇಲ್ಲಿ ಥಿಯೇಟರಿಗೆ ಬಂದಿದ್ದು 2024ರಲ್ಲಿ. ಅವರಿಗೇ ಹೀಗಾದರೆ ಅಜ್ಜಂಪುರದ ಹುಡುಗಿ ಯಾರ ಬಾಗಿಲು ತಟ್ಟಬೇಕು?

ಸರ್ಕಾರದ ಉತ್ತರ 2025-26ರ ಬಜೆಟ್‌ನಲ್ಲಿತ್ತು: ಟಿಕೆಟ್‌ಗೆ 200 ರೂಪಾಯಿ ಮಿತಿ, ಮೈಸೂರಲ್ಲಿ 150 ಎಕರೆಯ ಫಿಲ್ಮ್ ಸಿಟಿ, ಕನ್ನಡ ಚಿತ್ರಗಳಿಗೊಂದು ಒಟಿಟಿ. ಟಿಕೆಟ್ ಮಿತಿಗೆ ಆ ಸೆಪ್ಟೆಂಬರ್‌ನಲ್ಲೇ ಹೈಕೋರ್ಟ್ ತಡೆ ಕೊಟ್ಟಿತು. 500 ಕೋಟಿಯ ಫಿಲ್ಮ್ ಸಿಟಿ ದೊಡ್ಡ ಸೆಟ್ ಹಾಕುವವರಿಗೆ ಬೇಕು. ಕೆರೆ ಏರಿ ಮೇಲೆ ಮೊಬೈಲ್‌ನಲ್ಲಿ ಶೂಟ್ ಮಾಡುವವಳಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಮೂರರಲ್ಲಿ ಕೆಲಸಕ್ಕೆ ಬರೋದು ಒಟಿಟಿ ಮಾತ್ರ. ಕೇರಳ 2024ರ ಮಾರ್ಚ್‌ನಲ್ಲೇ 'ಸಿ ಸ್ಪೇಸ್' ಶುರು ಮಾಡಿತು: ಚಂದಾ ಇಲ್ಲ, ನೋಡಿದ ಸಿನಿಮಾಕ್ಕೆ 75 ರೂಪಾಯಿ, ಅದರಲ್ಲಿ ಅರ್ಧ ನಿರ್ಮಾಪಕರಿಗೆ. ಲೆಕ್ಕ ಸರಳ, ಯಾರಿಗೂ ಅರ್ಥವಾಗುತ್ತೆ.

ಆದರೂ ಮೊಬೈಲಲ್ಲಿ ಒಬ್ಬೊಬ್ಬರೇ ನೋಡೋದು ಬೇರೆ, ಊರಿನವರು ಒಟ್ಟಿಗೆ ಕೂತು ನೋಡೋದು ಬೇರೆ. ಬ್ಯಾಂಡ್‌ನವರಿಗೆ ಇದು ಹೇಳಿಕೊಡಬೇಕಿಲ್ಲ. ಅವರ ಹೊಟ್ಟೆಪಾಡೇ ಲೈವ್ ಶೋ. ಬೇಕಾಗಿರೋದು ಒಂದು ಪ್ರೊಜೆಕ್ಟರ್, ಒಳ್ಳೆ ಸ್ಪೀಕರ್, ತಾಲ್ಲೂಕಿನ ಯಾವುದಾದರೂ ಸಮುದಾಯ ಭವನ. ಸಾರ್ವಜನಿಕ ಪ್ರದರ್ಶನಕ್ಕೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಲೈಸೆನ್ಸ್ ಬೇಕು. ಒಂದು ಕಾಲದಲ್ಲಿ ಊರೂರು ತಿರುಗುವ ಟೂರಿಂಗ್ ಟಾಕೀಸುಗಳಿಗೆ ಸಿಗುತ್ತಿದ್ದ ಆ ಲೈಸೆನ್ಸ್ ಒಂದು ಸಂಜೆಯ ಮಟ್ಟಿಗೆ ಈ ಹುಡುಗಿಗೆ ಸುಲಭವಾಗಿ ಸಿಗುವಂತೆ ನಿಯಮ ತಿದ್ದೋಕೆ ಕೋಟಿಗಟ್ಟಲೆ ದುಡ್ಡೇನೂ ಬೇಡ. ಕಡೂರು, ತರೀಕೆರೆ ಶಾಸಕರನ್ನು ಫಿಲ್ಮ್ ಸಿಟಿ ಬಗ್ಗೆ ಕೇಳುವ ಮುಂಚೆ ಇದನ್ನು ಕೇಳಿ.